ಪುಟ 21ರ ತಿದ್ದುಪಡಿ: ಒಕ್ಕಲುತನದ ಮನೆಯ ಅಜ್ಜಿಯೊಬ್ಬರನ್ನು ನೆನೆದ ಪ್ರಕರಣ

ಹಿನ್ನೆಲೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಒಂದು ಹಳ್ಳಿಯಲ್ಲಿ, 2022ರ ಯುಗಾದಿ ಕಳೆದ ಕೆಲವೇ ದಿನಗಳಲ್ಲಿ, ಸುಮಾರು 80 ವರ್ಷದ ಅಜ್ಜಿಯೊಬ್ಬರು ತೀರಿಕೊಂಡರು. ಅವರ ಮೊದಲ ವರ್ಷದ ಪುಣ್ಯಸ್ಮರಣೆಯ ಹೊತ್ತಿಗೆ ನೆನಪಿನ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಬೇಕೆಂದು ಮನೆಯವರು ನಿಶ್ಚಯಿಸಿದರು. ಅದನ್ನು ಬರೆದುಕೊಡುವಂತೆ ನನ್ನನ್ನು ಕೇಳಿದವನು ಅವರ ಮೊಮ್ಮಗ. ಪದವಿಪೂರ್ವ ಕಾಲೇಜಿನಲ್ಲಿ ನನ್ನ ಬಳಿ ಕನ್ನಡ ಓದಿದವನು. ನಿವೃತ್ತಿಯ ಬಳಿಕ ಇಂಥ ಮೂರು ನಾಲ್ಕು ಪುಸ್ತಿಕೆಗಳನ್ನು ಬರೆದುಕೊಟ್ಟಿದ್ದ ನಾನು, ಇದು ಹದಿನೈದು ದಿನಗಳ ಕೆಲಸವೆಂದು ಒಪ್ಪಿಕೊಂಡೆ. ಕೆಲಸ ಏಳು ತಿಂಗಳು ಹಿಡಿಯಿತು, ಅಚ್ಚಾದ ಮೇಲೂ ಮುಗಿಯಲಿಲ್ಲ.

ಆ ಏಳು ತಿಂಗಳಲ್ಲಿ ತೆಗೆದುಕೊಂಡ ನಿರ್ಧಾರಗಳನ್ನೂ ನನ್ನಿಂದಾದ ತಪ್ಪನ್ನೂ ಬರೆದಿಟ್ಟರೆ, ತಮ್ಮ ಮನೆಯ ಹಿರಿಯರ ಬಗ್ಗೆ ಬರೆಯಲು ಹೊರಟವರಿಗೆ ಉಪಯೋಗವಾದೀತೆಂದು ಇದನ್ನು ದಾಖಲಿಸುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಊರು, ಮನೆತನ, ಜಾತಿಗಳನ್ನು ಹೇಳಿಲ್ಲ. ಮಕ್ಕಳ ಸಂಖ್ಯೆಯನ್ನೂ ಹೊಲದ ವಿಸ್ತೀರ್ಣವನ್ನೂ ತುಸು ಬದಲಿಸಿದ್ದೇನೆ.

ಆ ಮನೆಗೆ 14 ಎಕರೆ ಹೊಲ. ಒಂಬತ್ತು ಎಕರೆ ಎರೆ, ಅಂದರೆ ಕಪ್ಪು ಮಣ್ಣು; ಐದು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು. ಅದೇ ಜಿಲ್ಲೆಯ ಗಂಗಾವತಿಯ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಅಲ್ಲೆಲ್ಲ ಭತ್ತದ ಗದ್ದೆಗಳಾದವು. ಈ ಭಾಗ ಮಾತ್ರ ಮಳೆಯನ್ನೇ ನೆಚ್ಚಿಕೊಂಡು ಉಳಿಯಿತು. ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ. ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಹದಿನಾಲ್ಕು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಎಲ್ಲರಿಗಿಂತ ಹಿರಿಯವಳು ಮಗಳು, ಆಕೆಯ ಬೆನ್ನಿಗೆ ಹಿರಿಯ ಮಗ. ಗಂಡ 1998ರಲ್ಲಿ ತೀರಿಕೊಂಡರು. ಮಕ್ಕಳು ಅವರನ್ನು ಅವ್ವ ಎಂದೂ ಮೊಮ್ಮಕ್ಕಳು ಈ ಕಡೆಯ ರೂಢಿಯಂತೆ ಅಮ್ಮ ಎಂದೂ ಕರೆಯುತ್ತಿದ್ದರು.

ಮೊದಲ ಕರಡು

ಅಕ್ಟೋಬರ್ ತಿಂಗಳ ಒಂದು ಭಾನುವಾರ ಮೂವರು ಗಂಡುಮಕ್ಕಳು ಪಡಸಾಲೆಯಲ್ಲಿ ಕುಳಿತು ಹೇಳಿದರು, ನಾನು ಬರೆದುಕೊಂಡೆ. ತಾಯಿ ತ್ಯಾಗಮಯಿಯಾಗಿದ್ದರು, ಪತಿಸೇವಾ ಪರಾಯಣೆಯಾಗಿದ್ದರು, ಎಷ್ಟು ಕಷ್ಟ ಬಂದರೂ ಬಾಯಿ ಬಿಡಲಿಲ್ಲ, ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಲಿಲ್ಲ, ಯಾರಿಗೂ ಕೆಟ್ಟದ್ದನ್ನು ಬಯಸಲಿಲ್ಲ. ಹೇಳುವಾಗ ಕಿರಿಯ ಮಗನ ಕಣ್ಣು ತುಂಬಿದ್ದವು; ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗೆ ಬಂದು ನಾಲ್ಕು ಪುಟಗಳ ಕರಡು ಮಾಡಿದೆ, ಭಾಷೆಯನ್ನು ಚೆನ್ನಾಗಿಯೇ ತಿದ್ದಿದೆ.

ಮೊಮ್ಮಗ ಅದನ್ನು ಎರಡು ಸಲ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇದರಾಗ ನಮ್ಮ ಅಮ್ಮ ಇಲ್ಲ" ಎಂದನು. ನನಗೆ ಒಳಗೊಳಗೇ ಸಿಟ್ಟು ಬಂದಿತು. ಆದರೆ ಮರುದಿನ ಕುಷ್ಟಗಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ದಾರಿಯುದ್ದಕ್ಕೂ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸುಗಳನ್ನು ಗಮನಿಸಿದೆ. ಒಂದರ ಫೋಟೊ ಮತ್ತು ಹೆಸರನ್ನು ತೆಗೆದು ಇನ್ನೊಂದಕ್ಕೆ ಅಂಟಿಸಿದರೆ ಯಾರಿಗೂ ವ್ಯತ್ಯಾಸ ತಿಳಿಯುವಂತಿರಲಿಲ್ಲ, ಮತ್ತು ನನ್ನ ನಾಲ್ಕು ಪುಟಗಳು ಅವುಗಳಲ್ಲಿ ಯಾವುದರ ಕೆಳಗೆ ಬೇಕಾದರೂ ಸಲ್ಲುತ್ತಿದ್ದವು. ಅಂದಿನಿಂದ ಅದನ್ನೇ ಒಂದು ಪರೀಕ್ಷೆಯಾಗಿ ಇಟ್ಟುಕೊಂಡೆ: ಹೆಸರು ಬದಲಿಸಿದರೆ ಇನ್ನೊಬ್ಬರಿಗೆ ಒಪ್ಪುವ ವಾಕ್ಯ ಪುಸ್ತಿಕೆಯಲ್ಲಿ ಉಳಿಯಬಾರದು. ಆ ಪರೀಕ್ಷೆಯಲ್ಲಿ ನನ್ನ ಕರಡಿನ ಎರಡು ವಾಕ್ಯಗಳು ಮಾತ್ರ ಪಾಸಾದವು.

ಕಾಗದಪತ್ರಗಳಲ್ಲಿ ಹುಡುಕಿದ್ದು

ಮಾತಿನಿಂದ ಆಗದಿದ್ದರೆ ದಾಖಲೆಯಿಂದ ಆದೀತೆಂದು ಮನೆಯ ಟ್ರಂಕನ್ನು ತೆಗೆಸಿದೆ. ಆಧಾರ್ ಕಾರ್ಡಿನಲ್ಲಿ ಒಂದು ವಯಸ್ಸು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು. ಮೊದಲನೆಯದಕ್ಕೂ ಕೊನೆಯದಕ್ಕೂ ಒಂಬತ್ತು ವರ್ಷಗಳ ಅಂತರ. ಹುಟ್ಟಿದ ದಿನ ಆಧಾರ್‌ನಲ್ಲಿ ಜನವರಿ 1 ಎಂದಿತ್ತು. ಆ ಓಣಿಯ ಅರ್ಧದಷ್ಟು ಮುದುಕ ಮುದುಕಿಯರು ಜನವರಿ 1ರಂದೇ ಹುಟ್ಟಿದವರು.

ಆದ್ದರಿಂದ ಅವರ ವಯಸ್ಸನ್ನು ಊರಿನ ನೆನಪಿನಿಂದಲೇ ಕಟ್ಟಬೇಕಾಯಿತು. ಈ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರ ಹಾವಳಿಯ ಕಾಲದಲ್ಲಿ ಗಡಿಯಾಚೆಯ ಮುಂಬೈ ಪ್ರಾಂತದ ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರವಿತ್ತು. ಊರಿನವರು ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಆ ಕಡೆಗೆ ನಡೆದಾಗ ತಾನು ಅಪ್ಪನ ಹೆಗಲ ಮೇಲೆ ಕೂರುವಷ್ಟು ಸಣ್ಣವಳಲ್ಲ, ಪೂರ್ತಿ ದಾರಿ ನಡೆಯುವಷ್ಟು ದೊಡ್ಡವಳೂ ಅಲ್ಲ ಎಂದು ಅಜ್ಜಿ ಹೇಳುತ್ತಿದ್ದುದನ್ನು ಕಿರಿಯ ಮಗಳು ನೆನಪಿಸಿಕೊಂಡಳು. ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ರ ಹೊತ್ತಿಗೆ ಆರು ವರ್ಷವೆಂದು ಹಿಡಿದರೆ ಹುಟ್ಟಿದ್ದು 1942ರ ಸುಮಾರಿಗೆ. ಮದುವೆಯಾದದ್ದು 1956ರಲ್ಲಿ, ಹೈದರಾಬಾದ್ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ವರ್ಷ. ಇದನ್ನು ಮೂವರು ಬೇರೆ ಬೇರೆಯಾಗಿ ಹೇಳಿದರು. ಮೊಮ್ಮಕ್ಕಳಲ್ಲಿ ಹಿರಿಯವನು ಹುಟ್ಟಿದ್ದು ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ 1997ರಲ್ಲಿ. ಇಂಥ ನಾಲ್ಕೈದು ಗೂಟಗಳು ಸಿಕ್ಕ ಮೇಲೆ ಉಳಿದ ಘಟನೆಗಳನ್ನು ಅವುಗಳ ನಡುವೆ ಕಟ್ಟುವುದು ಕಷ್ಟವಾಗಲಿಲ್ಲ. "ಯಾವ ಇಸವಿ?" ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, "ಆಗ ಹೊಟ್ಟೆಯಲ್ಲಿ ಯಾರಿದ್ದರು? ಕೊಟ್ಟಿಗೆಯಲ್ಲಿ ಯಾವ ಎತ್ತಿತ್ತು?" ಎಂದು ಕೇಳಿದರೆ ಎಲ್ಲರಿಗೂ ಉತ್ತರ ಗೊತ್ತಿತ್ತು.

ಕೆಲಸದ ವಿಷಯದಲ್ಲಿ ಮಾತ್ರ ಕಾಗದಗಳು ಮೂಕವಾಗಿದ್ದವು. ಪಹಣಿಯಲ್ಲಿ ಒಡೆತನವನ್ನು ತೋರಿಸುವ 9ನೆಯ ಕಾಲಂನಲ್ಲಿ ಗಂಡನ ಹೆಸರಿತ್ತು, ಬೆಳೆ ಮತ್ತು ಸಾಗುವಳಿಯ ವಿವರವಿರುವ 12ನೆಯ ಕಾಲಂನಲ್ಲೂ ಗಂಡನದೇ. ಮರಣ ನೋಂದಣಿಗೆ ಮನೆಯವರೇ ಕೊಟ್ಟ ವಿವರದಲ್ಲಿ ಉದ್ಯೋಗವೆಂಬಲ್ಲಿ "ಮನೆಗೆಲಸ" ಎಂದು ಬರೆದಿತ್ತು. ಅರವತ್ತು ಹಂಗಾಮುಗಳಲ್ಲಿ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆದ ಹೆಂಗಸಿನ ಬಗ್ಗೆ ಮನೆಯವರು ಹಾಗೆ ಬರೆಸಿದ್ದಕ್ಕೆ ದುರುದ್ದೇಶ ಕಾರಣವಲ್ಲ. ಬೇರೆ ಏನು ಬರೆಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ.

ಫೋಟೊಗಳು ಮೂರು. ಎರಡನೆಯ ಮಗನ ಮದುವೆಯಲ್ಲಿ ತೆಗೆದ ಒಂದರಲ್ಲಿ ಮುಖದ ಅರ್ಧ ಸೆರಗಿನಲ್ಲಿ ಮರೆಯಾಗಿದೆ. ಉಳಿದೆರಡು ಸರಕಾರಿ ಕಾರ್ಡುಗಳಿಂದ ದೊಡ್ಡದು ಮಾಡಿಸಿದವು.

ಫೋನಿನ ಮುಂದೆ

ನವೆಂಬರಿನಲ್ಲಿ ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿ, ಫೋನನ್ನು ನಡುವೆ ಇಟ್ಟು, ಮಾತುಗಳನ್ನು ಧ್ವನಿಮುದ್ರಿಸಿದೆವು. ಇದು ಪೂರ್ತಿ ವಿಫಲವಾಯಿತು, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಫೋನಿನ ಮುಂದೆ ಕುಳಿತ ಕೂಡಲೇ ಎಲ್ಲರೂ ಭಾಷಣದ ಕನ್ನಡಕ್ಕೆ ಹೊರಳಿದರು. ಗಂಡಸರು ಕುಳಿತಲ್ಲಿ ಸೊಸೆಯಂದಿರು ಮಾತನಾಡಲಿಲ್ಲ. ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತು, ಮೈದುನನೋ ಭಾವನೋ ಏನಾದರೂ ತಪ್ಪು ಹೇಳಿದಾಗ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ದಿನ ನಾನು ಗಮನಿಸಿದ ಒಂದೇ ಉಪಯುಕ್ತ ಸಂಗತಿಯೆಂದರೆ ಆ ನೋಟ.

ಎಳ್ಳ ಅಮಾವಾಸ್ಯೆಯ ದಿನ

ಡಿಸೆಂಬರಿನ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಎಡೆಯ ಅಡುಗೆಯನ್ನು ಭೂಮಿತಾಯಿಗೆಂದು ಬೆಳೆಯಲ್ಲಿ ಎರಚಲು, ಮನೆಮಂದಿಯೆಲ್ಲ ಹೊಲಕ್ಕೆ ಹೊರಟಾಗ ನನ್ನನ್ನೂ ಕರೆದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆಗಳ ಬುಟ್ಟಿಗಳನ್ನು ಬಂಡಿಯಲ್ಲಿಟ್ಟುಕೊಂಡು ಹೋದೆವು. ಪ್ರಶ್ನೆಯ ಪಟ್ಟಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಅಜ್ಜಿಯಿಲ್ಲದ ಮೊದಲ ಎಳ್ಳ ಅಮಾವಾಸ್ಯೆ ಅದು. ಜೋಳ ಎದೆಯೆತ್ತರ ಮೀರಿ ನಿಂತು ತೆನೆಯಲ್ಲಿ ಹಾಲು ತುಂಬುತ್ತಿದ್ದ ಕಾಲ. ಪೂಜೆ ಮುಗಿದು ಗಂಡಸರು ಚರಗ ಚೆಲ್ಲಲು ಬದುವಿನ ಗುಂಟ ಹೋದರು. ಹೆಂಗಸರು ಬನ್ನಿಗಿಡದ ಕೆಳಗೆ ಕುಳಿತರು. ಆಗ ಎರಡನೆಯ ಸೊಸೆ ತಟ್ಟನೆ ಎದ್ದು, ಹೊಲದ ನಡುವಿನ ಕಡೆಗೆ ಕೈಮಾಡಿ, "ಈ ಸಲ ಚಿಂದಿ ಕಟ್ಟಾವ್ರು ಯಾರು?" ಎಂದು ಕೇಳಿದಳು.

ಈ ಪ್ರಕರಣದ ಮೊದಲ ತಿರುವು ಅದು. ಅಜ್ಜಿ ಪ್ರತಿವರ್ಷ ಆ ದಿನ, ಎಲ್ಲರೂ ಉಣ್ಣಲು ಕೂರುವ ಮುನ್ನ, ಹೊಲದ ನಡುಭಾಗಕ್ಕೆ ಒಬ್ಬರೇ ಹೋಗಿ, ಮುಂದಿನ ವರ್ಷದ ಬೀಜಕ್ಕೆಂದು ಆರಿಸಿದ ದಂಟುಗಳಿಗೆ ಹಳೆಯ ಸೀರೆಯ ಚಿಂದಿ ಕಟ್ಟಿ ಬರುತ್ತಿದ್ದರಂತೆ. ಬದುವಿನ ಹತ್ತಿರದ ತೆನೆಗಳನ್ನು ಅವರು ಬೀಜಕ್ಕೆ ಮುಟ್ಟುತ್ತಿರಲಿಲ್ಲ, ಅವು ನೆರೆಯ ಹೊಲದವರ ಜೋಳದೊಂದಿಗೆ ಬೆರೆತಿರುತ್ತವೆ ಎಂಬುದು ಅವರ ಮಾತು. ಜೋಳದಲ್ಲಿ ಸ್ವಪರಾಗಸ್ಪರ್ಶವೇ ಹೆಚ್ಚಾದರೂ ಅಕ್ಕಪಕ್ಕದ ಬೆಳೆಯಿಂದ ಒಂದಿಷ್ಟು ಪರಾಗ ಬಂದು ಸೇರುತ್ತದೆಂಬುದು ಕೃಷಿ ವಿಜ್ಞಾನವೂ ಒಪ್ಪುವ ಸಂಗತಿ. ಅಕ್ಷರ ಬಾರದ ಅಜ್ಜಿ ಅದನ್ನು ನೋಡಿಯೇ ತಿಳಿದಿದ್ದರು. ಕೊಯ್ಲಿನಲ್ಲಿ ಚಿಂದಿಯ ತೆನೆಗಳನ್ನು ಬೇರೆಯಾಗಿ ಕೊಯ್ದು, ಒಲೆಯ ಮೇಲಿನ ತೊಲೆಗೆ ಹೊಗೆಯಾಡುವಂತೆ ಕಟ್ಟಿ, ಆಮೇಲೆ ಬಡಿದು, ಬೂದಿ ಮತ್ತು ಬೇವಿನ ಎಲೆ ಬೆರೆಸಿ ಗಡಿಗೆಗೆ ತುಂಬುತ್ತಿದ್ದರು. ಆ ಗಡಿಗೆಗಳನ್ನು ಮುಟ್ಟುವ ಹಕ್ಕು ಮನೆಯಲ್ಲಿ ಇನ್ನಾರಿಗೂ ಇರಲಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಎಡೆಬಿಡದೆ ಮಳೆ ಸುರಿದು ಉತ್ತರ ಕರ್ನಾಟಕದಲ್ಲೆಲ್ಲ ನೆರೆ ಬಂದಾಗ ಈ ಮನೆಯ ಮಣ್ಣಿನ ಮಾಳಿಗೆ ಸೋರತೊಡಗಿತ್ತು. ನಡುರಾತ್ರಿ ಅಜ್ಜಿ ಮೊದಲು ಹೊರಗೆ ಸಾಗಿಸಿದ್ದು ಆ ವಾರ ಬಿತ್ತಬೇಕಿದ್ದ ಬೀಜದ ಗಡಿಗೆಗಳನ್ನು, ಆಮೇಲೆ ಮೊಮ್ಮಕ್ಕಳನ್ನು. ಇದನ್ನು ಹೇಳಿ ಸೊಸೆಯಂದಿರು ನಕ್ಕರು. ಮಕ್ಕಳನ್ನು ಎಬ್ಬಿಸಿದರೆ ತಾವೇ ಓಡುತ್ತವೆ, ಗಡಿಗೆ ಓಡುವುದಿಲ್ಲ ಎಂದು ಅಜ್ಜಿ ಮರುದಿನ ಸಮಜಾಯಿಷಿ ಕೊಟ್ಟಿದ್ದರಂತೆ.

ಅಂದು ಸಂಜೆಯವರೆಗೆ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪತಿಸೇವೆಯೆಂದು ಗಂಡುಮಕ್ಕಳು ಒಂದೇ ಪದದಲ್ಲಿ ಮುಗಿಸಿದ್ದು ಏನೆಂಬುದೂ ಅಲ್ಲಿಯೇ ತಿಳಿಯಿತು. ಲಕ್ವ ಹೊಡೆದು ಗಂಡ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ, ಅಜ್ಜಿ ಪ್ರತಿ ಬೆಳಿಗ್ಗೆ ಅವರ ಹೊರಸನ್ನು ಸೊಸೆಯೊಂದಿಗೆ ಎತ್ತಿ ಬೇವಿನ ಗಿಡದ ಕೆಳಗೆ, ಹೊಲದಿಂದ ಬರುವ ದಾರಿಗೆ ಮುಖ ಮಾಡಿ ಇಡುತ್ತಿದ್ದರು. ಎತ್ತು ಮನೆಗೆ ಬರುವುದನ್ನು ಗಂಡ ನೋಡಬೇಕೆಂಬುದು ಅವರ ಹಟ. ನಾಲಗೆ ಹೊರಳದ ಗಂಡನ ಪಕ್ಕದಲ್ಲಿ ಕುಳಿತು ಯಾವ ಹೊಲಕ್ಕೆ ಕಡಲೆ, ಯಾವುದಕ್ಕೆ ಜೋಳ ಎಂದು ದಿನವೂ ಕೇಳುತ್ತಿದ್ದರು. "ಕೇಳೂದು ಅವರನ್ನ ಕೇಳತಿದ್ಲು, ಮಾಡೂದು ತಂದ ಮಾಡತಿದ್ಲು," ಎಂದಳು ಎರಡನೆಯ ಸೊಸೆ. ಇದಕ್ಕಿಂತ ಹೆಚ್ಚಿನ ಗೌರವವನ್ನು ಗಂಡನಿಗೆ ಕೊಡುವುದು ಹೇಗೆಂದು ನನಗೂ ತಿಳಿಯದು.

ಕೌದಿ ಹಾಸಿದ್ದು

ಚಿಂದಿಯ ಮಾತು ಕೇಳಿದ ಮೇಲೆ ಆ ಚಿಂದಿಗಳು ಎಲ್ಲಿಂದ ಬರುತ್ತಿದ್ದವೆಂದು ಹುಡುಕಿದರೆ ಸಿಕ್ಕಿದ್ದು ಕೌದಿ. ಅಜ್ಜಿ ಬೇಸಿಗೆಯಲ್ಲಿ ಹಳೆಯ ಸೀರೆ, ಧೋತರ, ಲಂಗಗಳನ್ನು ತುಂಡು ಮಾಡಿ ಕೌದಿ ಹೊಲಿಯುತ್ತಿದ್ದರು. ಹೊಲಿದು ಉಳಿದ ಅಂಚುಗಳೇ ತೆನೆಗೆ ಹೋಗುತ್ತಿದ್ದವು. ಜನವರಿಯಲ್ಲಿ ಹಿರಿಯ ಮಗಳ ಮನೆಯಿಂದ ತರಿಸಿದ ಅತ್ಯಂತ ಹಳೆಯ ಕೌದಿಯನ್ನು ಒಳಮನೆಯಲ್ಲಿ ಹಾಸಿ, ಹೆಣ್ಣುಮಕ್ಕಳಿಬ್ಬರನ್ನೂ ಮೂವರು ಸೊಸೆಯಂದಿರನ್ನೂ ಅದರ ಸುತ್ತ ಕೂರಿಸಿದೆವು. ಧ್ವನಿಮುದ್ರಣ ಮಾಡಿದವಳು ಮೊಮ್ಮಗಳು. ನಾನು ಪಡಸಾಲೆಯಲ್ಲಿಯೇ ಉಳಿದೆ. ಈ ನಿರ್ಧಾರ ಮೊಮ್ಮಗಳದು, ಮತ್ತು ಇಡೀ ಕೆಲಸದಲ್ಲಿ ಅದೇ ಅತ್ಯಂತ ಸರಿಯಾದ ನಿರ್ಧಾರವೆಂದು ಈಗ ತೋರುತ್ತದೆ.

"ಇದು ಯಾವ ಸೀರಿ?" ಎಂಬ ಒಂದೇ ಪ್ರಶ್ನೆ. ಇಳಕಲ್ ಸೀರೆಯ ಸೆರಗಿನ ಒಂದು ಕೆಂಪು ತುಂಡಿನಿಂದ ಮದುವೆ ಬಂದಿತು, ನೀಲಿ ಚೌಕಡಿಯಿಂದ ಬಾಣಂತನ ಬಂದಿತು, ಖಣದ ಒಂದು ಚೂರಿನಿಂದ ಎರಡು ವರ್ಷದಲ್ಲಿ ತೀರಿಕೊಂಡ ಮಗುವೊಂದರ ಸಂಗತಿ ಬಂದಿತು. ಆ ಮಗುವಿನ ವಿಷಯ ಗಂಡುಮಕ್ಕಳಿಗೆ ಗೊತ್ತೇ ಇರಲಿಲ್ಲ. ಮೂರು ಗಂಟೆಗಳ ಮಾತು. ನಡುವೆ ಒಂದು ಖಾಕಿ ಬಣ್ಣದ ಒರಟು ತುಂಡಿನ ಮೇಲೆ ಹಿರಿಯ ಮಗಳು ಕೈಯಿಟ್ಟು, "ಇದು ನನ್ನ ಸಾಲಿ ಪಾಟಿಚೀಲ" ಎಂದಳು. ಅನಂತರ ಧ್ವನಿಮುದ್ರಣದಲ್ಲಿ ಬಹಳ ಹೊತ್ತು ಯಾರ ದನಿಯೂ ಇಲ್ಲ.

ಬರದ ವರ್ಷದ ಪುಟ

1972ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಮಹಾರಾಷ್ಟ್ರವನ್ನು ಕಂಗೆಡಿಸಿದ ಆ ಬರ ಉತ್ತರ ಕರ್ನಾಟಕವನ್ನೂ ಬಿಡಲಿಲ್ಲ. ಸರಕಾರ ಕೆರೆ, ರಸ್ತೆಗಳ ಬರಗಾಲ ಕಾಮಗಾರಿಗಳನ್ನು ತೆರೆಯಿತು. 14 ಎಕರೆಯ ಮನೆಯ ಸೊಸೆ ಅಂಥ ಕಾಮಗಾರಿಗೆ ಹೋಗುವುದು ಮನೆತನದ ಮರ್ಯಾದೆಗೆ ಕುಂದು. ಎತ್ತುಗಳನ್ನು ಮಾರಿ ಬಂದ ಹಣದಲ್ಲಿ ಮುಂದಿನ ಮಳೆಯವರೆಗೆ ತಳ್ಳೋಣವೆಂದು ಗಂಡ ಹೇಳಿದರು. ಎತ್ತು ಹೋದರೆ ಮಳೆ ಬಂದಾಗ ಬಿತ್ತುವುದು ಹೇಗೆ ಎಂದು ಅಜ್ಜಿ ಕೇಳಿದರು, ಮತ್ತು ಮರುದಿನ ಬೆಳಗಿನ ಜಾವ ಬೇರೆ ಓಣಿಯ ತನ್ನ ಗೆಳತಿಯೊಬ್ಬಳೊಂದಿಗೆ ಕಾಮಗಾರಿಗೆ ನಡೆದರು. ಎತ್ತು ಉಳಿದವು. ಐದನೆಯ ಇಯತ್ತೆಯಲ್ಲಿದ್ದ ಹಿರಿಯ ಮಗಳು, ಕೈಗೂಸಿನೊಂದಿಗೆ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಶಾಲೆ ಬಿಟ್ಟಳು. ಬರ ಹೋದ ಮೇಲೂ ಆಕೆಯನ್ನು ಯಾರೂ ಮರಳಿ ಕಳಿಸಲಿಲ್ಲ. ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂದು ಹೆಸರಾದಾಗ, ತಮ್ಮ ಶಾಲೆಯಿಂದ ಬಂದು ಪಾಟಿಯ ಮೇಲೆ ಆ ಹೊಸ ಹೆಸರನ್ನು ಬರೆದು ತೋರಿಸಿದ್ದು ಆಕೆಗೆ ನೆನಪಿದೆ. ಅಷ್ಟರಲ್ಲಿ ಆಕೆ ಆಡು ಕಾಯುತ್ತಿದ್ದಳು.

ಇದನ್ನು ಬರೆದು ತೋರಿಸಿದಾಗ ಹಿರಿಯ ಮಗ ಕರಡನ್ನು ಪಕ್ಕಕ್ಕಿಟ್ಟರು. "ಮಾಸ್ತರ, ನಮ್ಮ ಅವ್ವ ಕೂಲಿಗೆ ಹೋಗಿದ್ಲು ಅಂತ ಬರೀಬ್ಯಾಡ್ರಿ. ಬೀಗರು ಓದತಾರ. ಮತ್ತ ಅದು ಹಂಗ ನಡದದ್ದೂ ಅಲ್ಲ" ಎಂದರು. ಆ ವರ್ಷ ಅವರಿಗೆ ಎಂಟು ವಯಸ್ಸು. ಇಬ್ಬರು ತಮ್ಮಂದಿರು ಅಣ್ಣನ ಮಾತನ್ನು ಮೀರಲಿಲ್ಲ. ಫೆಬ್ರುವರಿಯಲ್ಲಿ ಶಿವರಾತ್ರಿಯವರೆಗೂ ಕೆಲಸ ನಿಂತಿತು. ನಾನು ಒಂದು ಮಧ್ಯಮ ಮಾರ್ಗವನ್ನು ಸೂಚಿಸಿದೆ: "ಬರಗಾಲದಲ್ಲಿ ಮನೆಯನ್ನು ಕಾಪಾಡಿದರು" ಎಂಬ ಒಂದು ವಾಕ್ಯದಲ್ಲಿ ಮುಗಿಸುವುದು. ಈಗ ಯೋಚಿಸಿದರೆ ಅದು ಹೇಡಿತನದ ಸಲಹೆ. ನಾನೇ ಇಟ್ಟುಕೊಂಡ ಪರೀಕ್ಷೆಯಲ್ಲಿ ಅದು ನಪಾಸಾಗುತ್ತಿತ್ತು.

ಗಂಟನ್ನು ಬಿಡಿಸಿದವಳು ಹಿರಿಯ ಮಗಳು. ಶಿವರಾತ್ರಿಗೆ ತವರಿಗೆ ಬಂದಿದ್ದ ಆಕೆ, ತಮ್ಮನಿಗೆ ತಾನೇ ಊಟಕ್ಕೆ ಬಡಿಸುತ್ತ, ದನಿ ಏರಿಸದೆ, "ಆಕಿ ಮಣ್ಣ ಹೊತ್ತದ್ದನ್ನ ಬಿಟ್ರ, ನಾ ಸಾಲಿ ಬಿಟ್ಟದ್ದು ಯಾಕ ಅಂತ ಯಾರಿಗೆ ತಿಳೀತೈತಿ?" ಎಂದು ಕೇಳಿದಳು. ತಮ್ಮ ಉತ್ತರ ಕೊಡಲಿಲ್ಲ. ಮರುದಿನ ಮೊಮ್ಮಗನ ಮೂಲಕ, ಬರೆಯಬಹುದೆಂದು ಹೇಳಿ ಕಳಿಸಿದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸಬೇಕು, ಏಕೆಂದರೆ ಅದನ್ನು ಬಳಸಿ ಕಥೆಗೆ ಸುಖಾಂತ್ಯ ಕೊಡುವ ಆಸೆ ನನಗೂ ಆಗಿತ್ತು. ಮುಂದೆ ಅದೇ ಹಿರಿಯ ಮಗಳ ಮಗಳು ನರ್ಸಿಂಗ್ ಓದಲು ಹೊರಟಾಗ, ಬೆಣ್ಣೆ ಮಾರಿದ ಹಣ ಮತ್ತು ಎರಡು ಆಡುಗಳ ಹಣವನ್ನು ಅಜ್ಜಿ ಹಾಸ್ಟೆಲಿಗೆ ಕಟ್ಟಿದ್ದರು. ತಾಯಿ ಆ ರೀತಿ ಋಣ ತೀರಿಸಿದಳೆಂದು ಬರೆಯಲೇ ಎಂದು ಕೇಳಿದೆ. "ಬ್ಯಾಡ್ರಿ. ಅದು ಅದರ ಲೆಕ್ಕ, ಇದು ಇದರ ಲೆಕ್ಕ" ಎಂದಳು. ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ, ನಡುವೆ ಸೇತುವೆ ಕಟ್ಟದೆ, ಬರೆದೆ.

ಬಿಟ್ಟದ್ದು ಮತ್ತು ತಪ್ಪಿದ್ದು

ಎಲ್ಲವನ್ನೂ ಬರೆದೆವೆಂದು ಹೇಳಲಾರೆ. ಗಂಡ ತೀರಿಕೊಂಡ ಮೇಲೆ ಹೊಲದ ವಾರಸುದಾರಿಕೆ ಹೇಗಾಯಿತೆಂಬುದನ್ನು ಪೂರ್ತಿ ಬಿಟ್ಟೆವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಧವೆಯೂ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ವರ್ಗದ ವಾರಸುದಾರರು. ಊರಿನಲ್ಲಿ ನಡೆಯುವುದು ಬೇರೆ. ಈ ಮನೆಯಲ್ಲಿ ಅದು ಇನ್ನೂ ಮುಗಿಯದ ಮಾತು. ಮುಗಿಯದ ವ್ಯಾಜ್ಯವನ್ನು ಸತ್ತವರ ಹೆಸರಿನ ಪುಸ್ತಿಕೆಗೆ ತರಬಾರದೆಂದು ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಒಮ್ಮತದಿಂದ ಹೇಳಿದ್ದರಿಂದ ಒಪ್ಪಿಕೊಂಡೆ. ಒಪ್ಪಿದ್ದು ಸರಿಯೇ ಎಂಬ ಬಗ್ಗೆ ನನಗೆ ಈಗಲೂ ಪೂರ್ಣ ನೆಮ್ಮದಿಯಿಲ್ಲ.

ತಪ್ಪಿದ್ದು ಬೇರೆ ಕಡೆ. ಬರದ ವರ್ಷ ಅಜ್ಜಿಯೊಂದಿಗೆ ಕಾಮಗಾರಿಗೆ ಹೋದ ಗೆಳತಿ ಇನ್ನೂ ಬದುಕಿದ್ದರು. ಆಕೆಯನ್ನು ಮಾತನಾಡಿಸಬೇಕೆಂದು ನಾನು ಆ ಓಣಿಗೆ ಒಂದು ಸಲ ಹೋದೆ; ಮನೆಗೆ ಬೀಗವಿತ್ತು. ಮಗನ ಸಂಸಾರ ಗುಳೆ ಹೋಗಿದೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮುದುಕಿಯೂ ಹೋಗಿದ್ದಾಳೆ, ಯುಗಾದಿಗೆ ಬರುತ್ತಾರೆ ಎಂದು ಪಕ್ಕದವರು ಹೇಳಿದರು. ಅಚ್ಚಿನ ಮನೆಗೆ ಮಾರ್ಚ್ ಮೊದಲ ವಾರ ಕೊಡಬೇಕಿತ್ತು. ಮಗನ ಫೋನ್ ನಂಬರನ್ನು ಕೇಳಿ ಪಡೆಯಬಹುದಿತ್ತು, ನಾನು ಕೇಳಲಿಲ್ಲ. ಮನೆಯವರ ನೆನಪೇ ಸಾಕೆಂದು ನನಗೆ ಅನಿಸಿತು. ಇಂಥ ಬರವಣಿಗೆಯಲ್ಲಿ ರಕ್ತಸಂಬಂಧಿಕರನ್ನು ಹತ್ತು ಸಲ ಕೇಳುತ್ತೇವೆ, ಹೊಲದಲ್ಲಿ ಪಕ್ಕದ ಸಾಲು ಹಿಡಿದವರನ್ನು ಒಂದು ಸಲವೂ ಕೇಳುವುದಿಲ್ಲ. ಅಜ್ಜಿಯ ಎಚ್ಚರದ ಹೊತ್ತಿನ ಬಹುಪಾಲು ಕಳೆದದ್ದು ಮಾತ್ರ ಅವರ ಜೊತೆಯಲ್ಲಿ. ಮೊದಲೇ ಇದು ಹೊಳೆದಿದ್ದರೆ ನಾನು ಕೆಲಸವನ್ನು ಪಡಸಾಲೆಯಿಂದ ಆರಂಭಿಸುತ್ತಿರಲಿಲ್ಲ.

ಓದಿದ ದಿನ

48 ಪುಟಗಳ ಪುಸ್ತಿಕೆ, 300 ಪ್ರತಿ. ಯುಗಾದಿಯ ಮರುವಾರ ಮನೆಯ ಮುಂದಿನ ಚಪ್ಪರದಲ್ಲಿ ಪುಣ್ಯಸ್ಮರಣೆ ನಡೆಯಿತು. ಭಾಷಣಗಳ ಬದಲು ಪುಸ್ತಿಕೆಯ ಕೆಲವು ಪುಟಗಳನ್ನು ಮೊಮ್ಮಕ್ಕಳು ಓದಬೇಕೆಂದು ಗೊತ್ತು ಮಾಡಿದ್ದೆವು. ಬೀಜದ ಗಡಿಗೆಯ ಪುಟಕ್ಕೆ ಜನ ನಕ್ಕರು, ಹೊರಸಿನ ಪುಟಕ್ಕೆ ಸುಮ್ಮನಾದರು. ನರ್ಸ್ ಮೊಮ್ಮಗಳು 21ನೆಯ ಪುಟವನ್ನು ಓದತೊಡಗಿದಾಗ ಹಿರಿಯ ಮಗ ಎದ್ದು ನೀರಿನ ಕೊಡಗಳ ಕಡೆಗೆ ಹೋಗಿ, ಬೆನ್ನು ಮಾಡಿ ನಿಂತರು. "ಆರು ತಿಂಗಳು ತಲೆಯ ಮೇಲೆ ಮಣ್ಣು ಹೊತ್ತರು" ಎಂಬ ವಾಕ್ಯ ಬಂದಿತು.

ಚಪ್ಪರದ ಅಂಚಿನಲ್ಲಿ, ಕಂಬಕ್ಕೆ ಒರಗಿ ಕುಳಿತಿದ್ದ ಒಬ್ಬ ಮುದುಕಿ, "ಮಣ್ಣಲ್ಲಬೇ ತಂಗಿ, ಕಲ್ಲ" ಎಂದರು. ಗುಳೆಯಿಂದ ಮರಳಿದ್ದ ಆ ಗೆಳತಿ. ಮೊಮ್ಮಗಳು ಓದುವುದನ್ನು ನಿಲ್ಲಿಸಿದಳು. "ಮಣ್ಣು ಹೊತ್ತದ್ದು ಕಡೇಕ ಎರಡ ವಾರ. ಅದಕ್ಕೂ ಮೊದಲ ಎಲ್ಲಾ ಕಲ್ಲ ಒಡದದ್ದು. ನೀವೆಲ್ಲಾ ಈಗ ಗಾಡಿ ಮ್ಯಾಲ ಬಂದ್ರೆಲ್ಲ, ಆ ರಸ್ತೇದ ಕಲ್ಲು. ಆಕಿ ಎಡಗೈ ಹೆಬ್ಬಟ್ಟು ಸೊಟ್ಟ ಇತ್ತು, ನೋಡಿರಿಲ್ಲ? ಅಲ್ಲೇ ಜಜ್ಜಿದ್ದು."

ಆ ಹೆಬ್ಬೆರಳನ್ನು ಮನೆಯವರೆಲ್ಲರೂ ದಿನವೂ ನೋಡಿದ್ದರು. ಅದು ಹುಟ್ಟಿನಿಂದಲೇ ಹಾಗೆ ಎಂದು ನಂಬಿದ್ದರು. ನಾನೂ 7ನೆಯ ಪುಟದಲ್ಲಿ ಹಾಗೆಯೇ ಬರೆದಿದ್ದೆ. ನಾನು ಗೆಳತಿಯ ಬಳಿ ಹೋಗಿ, ಅಷ್ಟು ಕಾಲ ಕಲ್ಲೇ ಆಗಿತ್ತೆಂಬುದು ಖಚಿತವೇ ಎಂದು, ಬರೆದವನ ಒಣ ಅಭಿಮಾನದಿಂದ ಕೇಳಿದೆ. ಉತ್ತರ ಬಂದದ್ದು ನೀರಿನ ಕೊಡಗಳ ಕಡೆಯಿಂದ. "ಕಲ್ಲ ರೀ ಮಾಸ್ತರ," ಎಂದರು ಹಿರಿಯ ಮಗ, ತಿರುಗದೆ. "ಬುತ್ತಿ ಒಯ್ಯತಿದ್ದಾಂವ ನಾನ."

ಅಂದು ಹಂಚದೆ ಉಳಿದಿದ್ದ ಪ್ರತಿಗಳು 180. ಮರುವಾರ ಯಲಬುರ್ಗಾದ ಒಂದು ಜೆರಾಕ್ಸ್ ಅಂಗಡಿಯಲ್ಲಿ ತಿದ್ದುಪಡಿಯ ಚೀಟಿಗಳನ್ನು ಮಾಡಿಸಿ ತಂದೆವು. ಗೆಳತಿಯನ್ನು ಕರೆಸಿ ಕೂರಿಸಿಕೊಂಡು, ಆಕೆ ಹೌದೆಂದ ಮೇಲೆಯೇ ಒಂದೊಂದು ಸಾಲನ್ನೂ ಬರೆದಿದ್ದೆವು. ಐದನೆಯ ಇಯತ್ತೆಗೆ ಓದು ಬಿಟ್ಟಿದ್ದ ಹಿರಿಯ ಮಗಳು ಒಳಮನೆಯಲ್ಲಿ ಅದೇ ಕೌದಿಯ ಮೇಲೆ ಪ್ರತಿಗಳನ್ನು ಹರಡಿಕೊಂಡು, ಪ್ರತಿಯೊಂದು ಚೀಟಿಯನ್ನೂ ಅಂಟಿಸುವ ಮೊದಲು ತುಟಿ ಅಲ್ಲಾಡಿಸುತ್ತ ಒಮ್ಮೆ ಓದಿದಳು:

"ಪುಟ 7: 'ಹುಟ್ಟಿನಿಂದಲೇ' ಎಂಬುದನ್ನು ಬಿಟ್ಟು ಓದಿಕೊಳ್ಳಬೇಕು. ಪುಟ 21: 'ತಲೆಯ ಮೇಲೆ ಮಣ್ಣು ಹೊತ್ತರು' ಎಂದಿರುವಲ್ಲಿ 'ಕಲ್ಲು ಒಡೆದರು' ಎಂದು ಓದಿಕೊಳ್ಳಬೇಕು."